ಖಾಲಿ ಮಾಡಿ ಚಾಲೂ ಮಾಡ್ರಿ

ಕಲಬುರಗಿಯಿಂದ ಹುಮನಾಬಾದ್ ರೋಡ್ ಹಿಡಿದು ಕಮಲಾಪುರದ ಕಡೆ ಹೊರಟರೆ ಕಪನೂರು ಕೈಗಾರಿಕಾ ಪ್ರದೇಶ ಸಿಗುತ್ತದೆ. ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೆವು, ಒಳಗೆ ಹೋಗಿದ್ದು ಒಂದೇ ಸಲ. ಅದೂ ಮಿನಿ ಪ್ರಾಜೆಕ್ಟಿಗೆ ಐಡಿಯಾ ಸಿಗದೆ. ನಮ್ಮ ಕ್ಲಾಸಿನ ಗೆಳೆಯನೊಬ್ಬ ದಿನಾ ಕಮಲಾಪುರದಿಂದ ಬಸ್ಸಿಗೆ ಬರುತ್ತಾನೆ. ಅವನು ಐಟಿಐ ಮುಗಿಸಿ, ಡಿಪ್ಲೊಮಾ ಮುಗಿಸಿ, ಲ್ಯಾಟರಲ್ ಎಂಟ್ರಿಯಲ್ಲಿ ನೇರ ಸೆಕೆಂಡ್ ಇಯರ್‌ಗೆ ಬಂದವನು. ಹಿಂದೆ ರಜೆಯಲ್ಲಿ ತಾನು ಕೆಲಸ ಮಾಡಿದ್ದ ದಾಲ್ ಮಿಲ್ಲಿಗೆ ನಮ್ಮನ್ನ ಕರಕೊಂಡು ಹೋದ.

ನಾವು ಒಳಗೆ ನಿಂತಿದ್ದಾಗ ಕರೆಂಟ್ ಹೋಯಿತು. ಹತ್ತು ನಿಮಿಷಕ್ಕೆ ವಾಪಸ್ ಬಂತು. ಎಮರಿ ರೋಲರಿನ ಮೋಟಾರ್ ಹಾಕಿದರೆ ಬರೀ ಗುಂಯ್ ಅಂತ ಸದ್ದು, ಆಮೇಲೆ ಟ್ರಿಪ್. ಇನ್ನೊಂದು ಸಲ ಹಾಕಿದರೂ ಅದೇ. ನಾವು ಎಲೆಕ್ಟ್ರಿಕಲ್‌ನವರು ಅಂತ ಗೊತ್ತಿದ್ದ ಮಿಸ್ತ್ರಿ ನಮ್ಮ ಕಡೆ ತಿರುಗಿ, "ಏನ್ ತಮ್ಮಾ, ನೀವು ಇಂಜಿನೇರ್ ಓದ್ತೀರಿ, ಏನಾಗ್ಯದ ಹೇಳ್ರಿ" ಅಂದರು. ನಮ್ಮಲ್ಲೊಬ್ಬರು "ಫೇಸ್ ಹೋಗಿರಬೇಕು ಕಾಕಾ" ಅಂದೆವು. ಅವರು ನಕ್ಕರು. ನಮ್ಮ ಗೆಳೆಯ ಏನೂ ಹೇಳದೆ ಹೋಗಿ ರೋಲರಿನ ಕೆಳಗಿನ ಬಾಗಿಲು ತೆಗೆದ. ಒಳಗೆ ಸಿಕ್ಕಿಕೊಂಡಿದ್ದ ತೊಗರಿ ಎಲ್ಲಾ ಸುರಿಯಿತು. "ತುಂಬಿದ ಮಷೀನ್ ಎತ್ತೂ ಜೋರ್ ಅದಕ್ಕಿಲ್ಲ ತಮ್ಮಾ. ಖಾಲಿ ಮಾಡಿ ಚಾಲೂ ಮಾಡ್ರಿ" ಅಂದರು ಮಿಸ್ತ್ರಿ. ಮೋಟಾರ್ ತಿರುಗಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ನಮಗೆ ಹೊಳೆಯಿತು. ಇದು ಸ್ಟಾರ್-ಡೆಲ್ಟಾ ಸ್ಟಾರ್ಟರ್! ಸ್ಟಾರ್‌ನಲ್ಲಿ ಶುರುವಾದಾಗ ಲೈನ್ ಕರೆಂಟ್ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಅದರ ಜೊತೆ ಟಾರ್ಕ್ ಕೂಡ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಲೋಡ್ ಇಟ್ಟುಕೊಂಡು ಹಾಕಿದರೆ ಮೋಟಾರ್ ಸ್ಪೀಡ್ ಹಿಡಿಯೋದಿಲ್ಲ. ಅಷ್ಟರಲ್ಲಿ ಟೈಮರ್ ಡೆಲ್ಟಾಕ್ಕೆ ಬದಲಾಯಿಸುತ್ತದೆ, ಕರೆಂಟ್ ಏರುತ್ತದೆ, ಓವರ್‌ಲೋಡ್ ರಿಲೇ ಬೀಳುತ್ತದೆ. ಇದನ್ನೇ ನಾವು ಇಂಟರ್ನಲ್ಸ್‌ನಲ್ಲಿ ಡಯಾಗ್ರಾಂ ಸಮೇತ ಬರೆದು ಮಾರ್ಕ್ಸ್ ತಗೊಂಡಿದ್ದೆವು. ಮೋಟಾರಿನ ಮುಂದೆ ನಿಂತಾಗ ಒಬ್ಬರಿಗೂ ನೆನಪಾಗಲಿಲ್ಲ.

ಇಲ್ಲಿ ಮಿಸ್ತ್ರಿಯೇ ದೊಡ್ಡವರು, ಪುಸ್ತಕ ದಂಡ ಅಂತ ಹೇಳೋಕೆ ಹೊರಟಿಲ್ಲ. ಆ ಮೂರನೇ ಒಂದು ಭಾಗ ಯಾಕೆ ಅಂತ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ, ಲೋಡಿನ ಮೇಲೆ ಶುರುಮಾಡಲೇಬೇಕಾದ ಮಷೀನಿಗೆ ಬೇರೆ ತರಹದ ಸ್ಟಾರ್ಟರ್ ಹಾಕಿಸಿ ಅಂತ ಮಾಲೀಕರಿಗೆ ಅವರೇ ಹೇಳುತ್ತಿದ್ದರೇನೋ. ಒಂದೇ ವಿದ್ಯೆಯ ಅರ್ಧ ಅವರ ಹತ್ತಿರ ಇದೆ, ಅರ್ಧ ನಮ್ಮ ಹತ್ತಿರ ಇದೆ. ಎರಡೂ ಅರ್ಧ ಸೇರುವ ಜಾಗ ನಮ್ಮ ಸಿಲೆಬಸ್‌ನಲ್ಲಿ ಎಲ್ಲಿದೆ ಅನ್ನೋದು ನಮ್ಮ ಪ್ರಶ್ನೆ.

ಲೆಕ್ಕ ನೋಡಿ. ನಾವು ಎಸ್ಸೆಸ್ಸೆಲ್ಸಿ ಆದಮೇಲೆ ಪಿಯುಸಿ 2 ವರ್ಷ, ಬಿಇ 4 ವರ್ಷ, ಒಟ್ಟು 6. ನಮ್ಮ ಗೆಳೆಯನಿಗೆ ಐಟಿಐ 2, ಡಿಪ್ಲೊಮಾ ಲ್ಯಾಟರಲ್‌ನಲ್ಲಿ 2, ಬಿಇ 3, ಒಟ್ಟು 7. ಒಂದೇ ಒಂದು ವರ್ಷ ಹೆಚ್ಚು. ಆದರೂ "ಐಟಿಐ" ಅಂದ ಕೂಡಲೇ ನಮ್ಮಲ್ಲಿ ಎಷ್ಟು ಜನರ ಮುಖ ಬದಲಾಗುತ್ತದೆ? ಡಿಪ್ಲೊಮಾದಿಂದ ಬಂದವರಿಗೆ ಗಣಿತ ಕಮ್ಮಿ ಅಂತ ವಿಟಿಯುನ ಹಲವು ಸ್ಕೀಮುಗಳಲ್ಲಿ ಅವರಿಗೇ ಅಂತ ಅಡಿಷನಲ್ ಮ್ಯಾಥಮೆಟಿಕ್ಸ್ ಇಟ್ಟರು. ಸರಿಯಾದ ಕೆಲಸ. ಆದರೆ ಪಿಯುಸಿಯಿಂದ ಬಂದ ನಮಗೆ ಕೈಗೆಲಸ ಕಮ್ಮಿ ಅಂತ ಯಾರಾದರೂ ಅಡಿಷನಲ್ ವರ್ಕ್‌ಶಾಪ್ ಇಟ್ಟರಾ? ಸೇತುವೆ ಒಂದೇ ಕಡೆಯಿಂದ ಕಟ್ಟಿದ್ದಾರೆ.

ಇಂಟರ್ನ್‌ಶಿಪ್ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. ಅದನ್ನ ನಾವು ಏನು ಮಾಡಿಕೊಂಡಿದ್ದೇವೆ ಅನ್ನೋದನ್ನೂ ಒಪ್ಪಿಕೊಳ್ಳೋಣ. ನಮ್ಮಲ್ಲಿ ಕೆಲವರು ಯಾವುದೋ ಆನ್‌ಲೈನ್ ಇಂಟರ್ನ್‌ಶಿಪ್‌ಗೆ ದುಡ್ಡು ಕಟ್ಟಿ, ವಿಡಿಯೊಗಳನ್ನ ಡಬಲ್ ಸ್ಪೀಡಿನಲ್ಲಿ ಓಡಿಸಿ, ಸರ್ಟಿಫಿಕೇಟ್ ಪಿಡಿಎಫ್ ಡೌನ್‌ಲೋಡ್ ಮಾಡಿದ್ದೇವೆ. ಅದನ್ನ ಲಿಂಕ್ಡ್‌ಇನ್‌ಗೆ ಹಾಕಿ ಒಬ್ಬರಿಗೊಬ್ಬರು ಕಂಗ್ರಾಟ್ಸ್ ಅಂದಿದ್ದೇವೆ. ಕಾಲೇಜಿನಿಂದ ಅರ್ಧ ಗಂಟೆ ದೂರದಲ್ಲಿ ತೊಗರಿ ಬೇಳೆ ಆಗುತ್ತಿದೆ. 2019ರಲ್ಲಿ ಜಿಐ ಟ್ಯಾಗ್ ಸಿಕ್ಕ ನಮ್ಮದೇ ಬೇಳೆ. ಅದು ಹೇಗೆ ಆಗುತ್ತದೆ ಅಂತ ಮೊದಲು ನೋಡಿದ್ದು ಆ ದಿನವೇ. ಕಾಳು ಚೊಕ್ಕ ಮಾಡಿ, ರೋಲರಿನಲ್ಲಿ ಸಿಪ್ಪೆಗೆ ಗೀರು ಬೀಳಿಸಿ, ಎಣ್ಣೆ-ನೀರು ಹಚ್ಚಿ, ಒಣಗಿಸಿ, ಮತ್ತೆ ರೋಲರಿಗೆ ಹಾಕಿ ಹೊಟ್ಟು ಬಿಡಿಸಿ ಒಡೆಯುತ್ತಾರೆ. ರೋಲರಿಗೂ ಜಾಲರಿಗೂ ನಡುವಿನ ಸಂದು ಕಡಿಮೆ ಆದರೆ ನುಚ್ಚು ಜಾಸ್ತಿ, ಹೆಚ್ಚಾದರೆ ಹೊಟ್ಟು ಉಳಿಯುತ್ತದೆ. ಮಿಸ್ತ್ರಿ ಅದನ್ನ ಅಂಗೈಯಲ್ಲಿ ಒಂದು ಹಿಡಿ ಕಾಳು ಹಿಡಿದು ನೋಡಿ ಅಡ್ಜಸ್ಟ್ ಮಾಡುತ್ತಾರೆ. ಸೆನ್ಸರ್, ಕಂಟ್ರೋಲ್ ಲೂಪ್, ಇಮೇಜ್ ಪ್ರೊಸೆಸಿಂಗ್ ಅಂತ ನಾವು ಹುಡುಕುತ್ತಿದ್ದ ಮಿನಿ ಪ್ರಾಜೆಕ್ಟ್ ಆ ಅಂಗೈಯಲ್ಲೇ ಇತ್ತು.

ಇನ್ನೊಂದು ತೊಡಕು ಭಾಷೆ. ನಾವು ಇಂಗ್ಲಿಷ್ ಮೀಡಿಯಂನವರು "ಟಾರ್ಕ್" ಅಂತೀವಿ, ಅವರು "ಜೋರ್" ಅಂತಾರೆ. ಆ ದಿನ ಎರಡನ್ನೂ ಬಲ್ಲವನು ನಮ್ಮ ಗೆಳೆಯ ಒಬ್ಬನೇ. ಫಸ್ಟ್ ಇಯರ್‌ನಲ್ಲಿ ಸಾಂಸ್ಕೃತಿಕ ಕನ್ನಡ ಓದಿ ಪಾಸಾದೆವು. ಆದರೆ ಒಂದು ಮೋಟಾರ್ ಯಾಕೆ ತಿರುಗುತ್ತಿಲ್ಲ ಅಂತ ಕನ್ನಡದಲ್ಲಿ ಐದು ವಾಕ್ಯ ಹೇಳೋಕೆ ಬರಲಿಲ್ಲ. ಕನ್ನಡ ಸಂಘದವರು ನವೆಂಬರ್‌ನಲ್ಲಿ ಬಾವುಟ ಹಾರಿಸೋದರ ಜೊತೆ ಇದನ್ನೂ ನಮ್ಮ ಕೆಲಸ ಅಂದುಕೊಳ್ಳಬೇಕಲ್ಲವೇ?

"ಬೆಂಗಳೂರಿಗೆ ಹೋಗಿ ಸಾಫ್ಟ್‌ವೇರ್ ಮಾಡ್ತೀವಿ, ನಮಗ್ಯಾಕೆ ತೊಗರಿ?" ಅನ್ನುವವರಿದ್ದಾರೆ. ಹೋಗಿ, ತಪ್ಪಿಲ್ಲ. ಆದರೆ ಸಾಫ್ಟ್‌ವೇರ್ ಬರೆಯುವುದೂ ಯಾರದೋ ಕೆಲಸಕ್ಕಾಗಿಯೇ. ಕೆಲಸ ಹೇಗೆ ನಡೆಯುತ್ತದೆ ಅಂತ ಹೋಗಿ ನೋಡುವ ಅಭ್ಯಾಸ ಇಲ್ಲಿ ಆಗದಿದ್ದರೆ ಅಲ್ಲೂ ಆಗೋದಿಲ್ಲ. ಇನ್ನೊಂದು ಭಯ ನ್ಯಾಯವಾದದ್ದು. ಇಂಟರ್ನ್‌ಶಿಪ್ ಹೆಸರಲ್ಲಿ ಹುಡುಗರನ್ನ ಬಿಟ್ಟಿ ಕೂಲಿಗೆ ಬಳಸಬಹುದು. ಅದಕ್ಕೇ ಏನು ಕಲಿಯಬೇಕು, ಯಾರು ಕಲಿಸಬೇಕು ಅಂತ ಕಾಲೇಜು ಮೊದಲೇ ಬರೆದುಕೊಡಬೇಕು.

ನಮ್ಮ ವಿಶ್ವವಿದ್ಯಾಲಯಕ್ಕೆ ಯಾರ ಹೆಸರಿದೆಯೋ ಅವರಿಗೆ ಈ ಭೇದ ಇರಲಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಶುರುವಾಯಿತು. ಅದೇ ಊರಲ್ಲಿ 1943ರಲ್ಲಿ ಅವರ ಪ್ರಯತ್ನದಿಂದಲೇ ಕಸುಬು ಕಲಿಸುವ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಶುರುವಾಯಿತು, ಇವತ್ತಿನ ಎಸ್‌ಜೆ ಪಾಲಿಟೆಕ್ನಿಕ್. ಸೆಪ್ಟೆಂಬರ್ 15ಕ್ಕೆ ನಾವು ಹಾರ ಹಾಕುವಾಗ ಮೊದಲನೆಯದು ಮಾತ್ರ ನೆನಪಿರುತ್ತದೆ.

ನಾವು ಕೇಳುವುದು ಮೂರೇ. ಹತ್ತಿರದ ಮಿಲ್ಲು, ವರ್ಕ್‌ಶಾಪುಗಳಲ್ಲಿ ಹದಿನೈದು ದಿನ ಕೆಲಸ ಕಲಿತರೆ ಅದನ್ನ ಇಂಟರ್ನ್‌ಶಿಪ್ ಅಂತ ಒಪ್ಪಿ. ಐಟಿಐ, ಡಿಪ್ಲೊಮಾದಿಂದ ಬಂದ ಗೆಳೆಯರಿಗೆ ಲ್ಯಾಬಿನಲ್ಲಿ ನಮಗೆ ಕಲಿಸುವ ಅವಕಾಶ ಕೊಡಿ, ಅದಕ್ಕೆ ಕ್ರೆಡಿಟ್ ಕೂಡ ಕೊಡಿ. ವರ್ಷಕ್ಕೆ ನಾಲ್ಕು ಸಲ ಒಬ್ಬ ಮಿಸ್ತ್ರಿಯನ್ನ ಲ್ಯಾಬಿಗೆ ಕರೆಸಿ, ಗೌರವಧನ ಕೊಟ್ಟು. ಯುಜಿಸಿ 2022ರಲ್ಲಿ ತಂದ ಪ್ರೊಫೆಸರ್ ಆಫ್ ಪ್ರಾಕ್ಟೀಸ್ ನಿಯಮದಲ್ಲಿ 15 ವರ್ಷದ ಅನುಭವ ಇದ್ದವರಿಗೆ ಡಿಗ್ರಿ ಕಡ್ಡಾಯವಲ್ಲ. ಅಷ್ಟು ದೊಡ್ಡ ಹುದ್ದೆ ಬೇಡ, ಒಂದು ಕುರ್ಚಿ ಸಾಕು.

ಕಾಲೇಜು ಒಪ್ಪುವ ತನಕ ನಾವೇ ಶುರು ಮಾಡಿದ್ದೇವೆ. ಮುಂದಿನ ಶನಿವಾರ ಕಮಲಾಪುರದ ಗೆಳೆಯ ಕ್ಲಾಸ್ ಆದಮೇಲೆ ಮಷೀನ್ಸ್ ಲ್ಯಾಬಿನಲ್ಲಿ ಸ್ಟಾರ್-ಡೆಲ್ಟಾ ವೈರಿಂಗ್ ತೋರಿಸುತ್ತಾನೆ, ಕನ್ನಡದಲ್ಲಿ. ಅವನಿಗೆ ಫೂರಿಯರ್ ಸೀರೀಸ್ ನಾವು ಹೇಳಿಕೊಡುತ್ತೇವೆ. ಬರುವವರು ಟೆಸ್ಟರ್ ತನ್ನಿ.