ತರಗತಿಯಲ್ಲಿ ಬೇಸರಗೊಳ್ಳುವ ಮಗು

"ನಿಮ್ಮ ಮಗುವಿಗೆ ಬುದ್ಧಿಯಿದೆ, ಆದರೆ ಗಮನವಿಲ್ಲ" ಎಂದು ಟೀಚರ್ ಹೇಳಿದರೆ ನೀವು ಟಿವಿ, ಮೊಬೈಲನ್ನು ದೂರುತ್ತೀರಿ. ಗದರಿಸಿ ಟ್ಯೂಷನ್‌ಗೂ ಹಾಕುತ್ತೀರಿ. ಆದರೆ ಕೆಲವು ಮಕ್ಕಳ ವಿಷಯದಲ್ಲಿ ಕಾರಣ ಬೇರೆಯೇ ಇರುತ್ತದೆ. ಮೊದಲ ಸಲಕ್ಕೇ ಅರ್ಥವಾದ ಲೆಕ್ಕವನ್ನು ಟೀಚರ್ ಐದನೇ ಸಲ ಬಿಡಿಸುತ್ತಿರುವಾಗ ಆ ಮಗು ಏನು ತಾನೇ ಮಾಡೀತು? ಕಿಟಕಿಯಾಚೆ ನೋಡುತ್ತದೆ, ಪಕ್ಕದವರನ್ನು ಕೆಣಕುತ್ತದೆ, ಅಡ್ಡಪ್ರಶ್ನೆ ಕೇಳಿ ಬೈಸಿಕೊಳ್ಳುತ್ತದೆ.

ಹುಡುಗನಾದರೆ ಗಲಾಟೆಯಿಂದಲಾದರೂ ಗಮನಕ್ಕೆ ಬರುತ್ತಾನೆ. ಹುಡುಗಿಯರು ಹೆಚ್ಚಾಗಿ ಸುಮ್ಮನಾಗಿಬಿಡುತ್ತಾರೆ. ಸುಮ್ಮನಿರುವ ಹುಡುಗಿಯ ಬಗ್ಗೆ ಯಾರೂ ನಿಮ್ಮಲ್ಲಿ ದೂರು ಹೇಳುವುದಿಲ್ಲ.

ಇರಾನಿನ ಮರ್ಯಮ್ ಮಿರ್ಝಾಖಾನಿಯ ಹೆಸರು ಕೇಳಿದ್ದೀರಾ? 2014ರಲ್ಲಿ ಗಣಿತದ ಅತ್ಯುನ್ನತ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕ ಪಡೆದ ಮೊದಲ ಮಹಿಳೆ. ಟೆಹ್ರಾನಿನಲ್ಲಿ ಪ್ರತಿಭಾವಂತ ಬಾಲಕಿಯರಿಗೆಂದೇ ಇದ್ದ ಶಾಲೆಯಲ್ಲಿ ಓದಿದವರು. ವಿಚಿತ್ರವೆಂದರೆ, ಅಲ್ಲಿ ಮೊದಲ ವರ್ಷ ಗಣಿತದಲ್ಲೇ ಅವರು ಹಿಂದುಳಿದಿದ್ದರು. ಇವಳಲ್ಲಿ ವಿಶೇಷ ಪ್ರತಿಭೆಯೇನಿಲ್ಲ ಎಂಬುದು ಟೀಚರ ಎಣಿಕೆ. ಮರ್ಯಮ್ ಧೈರ್ಯಗೆಟ್ಟರು. ಮರುವರ್ಷ ಸಿಕ್ಕ ಟೀಚರ್ ಹುರಿದುಂಬಿಸುವವರಾಗಿದ್ದರು. ಅದೇ ಹುಡುಗಿ ಮುಂದೆ ಬಂದಳು. ಹೈಸ್ಕೂಲಿನಲ್ಲಿ ಅವರೂ ಅವರ ಗೆಳತಿಯೂ ಮುಖ್ಯೋಪಾಧ್ಯಾಯಿನಿಯ ಬಳಿ ಹೋಗಿ, ಬಾಲಕರ ಶಾಲೆಯಲ್ಲಿರುವಂತಹ ಗಣಿತದ ವಿಶೇಷ ತರಗತಿ ತಮಗೂ ಬೇಕೆಂದು ಕೇಳಿದರು. ಆಕೆ ಏರ್ಪಡಿಸಿಯೇ ಬಿಟ್ಟರು! ಇರಾನಿನ ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡ್ ತಂಡದಲ್ಲಿ ಅದುವರೆಗೆ ಹುಡುಗಿಯರೇ ಇರಲಿಲ್ಲ. ಮರ್ಯಮ್ 1994ರಲ್ಲಿ ಚಿನ್ನ ಗೆದ್ದರು, 1995ರಲ್ಲಿ ಪೂರ್ಣಾಂಕದೊಂದಿಗೆ ಮತ್ತೆ ಚಿನ್ನ. 2017ರಲ್ಲಿ, ಕೇವಲ 40ರ ವಯಸ್ಸಿನಲ್ಲಿ, ಕ್ಯಾನ್ಸರ್‌ನಿಂದ ತೀರಿಕೊಂಡರು.

ಆದುದರಿಂದ ನೀವೂ ಶಾಲೆಗೆ ಹೋಗಿ ಕೇಳಿ. ಆದರೆ "ಹೆಚ್ಚು ಹೋಂವರ್ಕ್ ಕೊಡಿ" ಎನ್ನಬೇಡಿ. ಬರುವ ಲೆಕ್ಕವನ್ನೇ ಇಪ್ಪತ್ತು ಸಲ ಮಾಡಿಸುವುದು ಅಂತಹ ಮಗುವಿಗೆ ಶಿಕ್ಷೆಯೇ ಸರಿ. ಅದರ ಬದಲು ತಲೆಗೆ ಕೆಲಸ ಕೊಡುವ ಎರಡು ಲೆಕ್ಕ, ಲೈಬ್ರರಿಯ ಒಂದು ಪುಸ್ತಕ, ಪ್ರಶ್ನೆ ಕೇಳಲು ಐದು ನಿಮಿಷ ಸಿಗಲಿ. ಒಂದು ವಿಷಯದಲ್ಲಿ ಮುಂದಿರುವ ಮಗು ಇನ್ನೊಂದರಲ್ಲಿ ಸಾಧಾರಣವಾಗಿರಬಹುದು. ಅಳುವ, ಹಠ ಮಾಡುವ ವಿಷಯದಲ್ಲಂತೂ ಅದು ತನ್ನ ವಯಸ್ಸಿನದ್ದೇ ಮಗು. ಅಣ್ಣ ತಂಗಿಯರೆದುರು ಹೋಲಿಸಿ ಹೊಗಳುವುದೂ ಬೇಡ.

ಮಗು ಸರಕಾರಿ ಅಥವಾ ಅನುದಾನಿತ ಶಾಲೆಯಲ್ಲಿ 8ನೇ ತರಗತಿಯಲ್ಲಿದೆಯೇ? ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರದಿದ್ದರೆ ಎನ್‌ಎಂಎಂಎಸ್ ಪರೀಕ್ಷೆ ಬರೆಸಿ. ಅದರಲ್ಲಿ ಪಠ್ಯದ ಪ್ರಶ್ನೆಗಳಲ್ಲದೆ ಯೋಚಿಸುವ ಶಕ್ತಿಯನ್ನು ಅಳೆಯುವ ಪತ್ರಿಕೆಯೂ ಇದೆ. ಆಯ್ಕೆಯಾದವರಿಗೆ 9ರಿಂದ 12ನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಅರ್ಜಿಯ ದಿನಾಂಕವನ್ನು ಹೆಡ್‌ಮಾಸ್ಟರರಲ್ಲಿ ಈಗಲೇ ವಿಚಾರಿಸಿ. ಮಗಳಿಗಾಗಿಯೂ.