ಮೂಲನಿವಾಸಿಗಳ ಮಾತಿಗೆ ಸಂವಿಧಾನದಲ್ಲೇ ಜಾಗ ಬೇಕು

2023ರ ಅಕ್ಟೋಬರ್ 14ರಂದು ಆಸ್ಟ್ರೇಲಿಯಾದ ಮತದಾರರ ಮುಂದಿದ್ದದ್ದು ಒಂದೇ ಪ್ರಶ್ನೆ. ಅಬೊರಿಜಿನಲ್ ಮತ್ತು ಟಾರೆಸ್ ಜಲಸಂಧಿಯ ದ್ವೀಪವಾಸಿಗಳನ್ನು ಸಂವಿಧಾನದಲ್ಲಿ ಗುರುತಿಸಿ, ಅವರ ವಿಷಯಗಳಲ್ಲಿ ಸಂಸತ್ತಿಗೂ ಸರ್ಕಾರಕ್ಕೂ ಸಲಹೆ ಕೊಡುವ ‘ವಾಯ್ಸ್’ ಎಂಬ ಮಂಡಳಿ ರಚಿಸಬಹುದೇ? ಮೆಲ್ಬರ್ನಿನ ನಮ್ಮ ಬಡಾವಣೆಯ ಶಾಲೆಯಲ್ಲಿ, ಮತಪತ್ರದ ಚೌಕದೊಳಗೆ ಪೆನ್ಸಿಲಿನಿಂದ ‘ಯೆಸ್’ ಎಂದು ಬರೆದುಬಂದೆ. ಶೇ 60ರಷ್ಟು ಜನ ‘ನೋ’ ಎಂದರು. ಆರು ರಾಜ್ಯಗಳಲ್ಲಿ ಒಂದೂ ಒಪ್ಪಲಿಲ್ಲ.

‘ಎಲ್ಲರೂ ಸಮಾನರು ಅಂದಮೇಲೆ ಅವರಿಗೊಂದು ಬೇರೆ ಮಂಡಳಿ ಯಾಕೆ ಸಾರ್?’ ಎಂದು ಇಲ್ಲಿನ ಕನ್ನಡಿಗ ಗೆಳೆಯರು ಆಗ ಕೇಳುತ್ತಿದ್ದರು, ಈಗಲೂ ಕೇಳುತ್ತಾರೆ. ನಾವು ಬಿಟ್ಟುಬಂದ ದೇಶದ ಸಂವಿಧಾನವನ್ನೇ ತೆರೆದು ನೋಡಬೇಕು. ಪರಿಶಿಷ್ಟ ಪ್ರದೇಶಗಳಿರುವ ರಾಜ್ಯಗಳಲ್ಲಿ ಬುಡಕಟ್ಟು ಸಲಹಾ ಮಂಡಳಿ ಇರಲೇಬೇಕೆಂದು ಐದನೇ ಅನುಸೂಚಿ ಹೇಳುತ್ತದೆ. ಪರಿಶಿಷ್ಟ ಪಂಗಡಗಳಿಗೆ ಸಂಬಂಧಿಸಿದ ಪ್ರಮುಖ ನೀತಿಗಳ ಬಗ್ಗೆ ರಾಷ್ಟ್ರೀಯ ಆಯೋಗದೊಡನೆ ಸಮಾಲೋಚಿಸಲೇಬೇಕು ಎನ್ನುತ್ತದೆ 338ಎ ವಿಧಿ. ಬರೆದದ್ದೆಲ್ಲ ನಡೆಯುವುದಿಲ್ಲ, ನಿಜ. ಕಾಡಿನ ಹಕ್ಕಿಗಾಗಿ ಇಂದಿಗೂ ಹೋರಾಡುತ್ತಿರುವ ನಾಗರಹೊಳೆಯ ಜೇನುಕುರುಬರಿಗೆ ಅದು ಚೆನ್ನಾಗಿ ಗೊತ್ತು. ಆದರೂ ಬರೆದದ್ದನ್ನು ತೋರಿಸಿ ‘ಇದನ್ನು ಜಾರಿ ಮಾಡಿ’ ಎಂದು ಕೇಳಲು ದಾರಿಯಾದರೂ ಇದೆ.

ಆಸ್ಟ್ರೇಲಿಯಾದಲ್ಲಿ ಅದೂ ಇಲ್ಲ. ಮೂಲನಿವಾಸಿಗಳನ್ನು ಜನಸಂಖ್ಯೆಯ ಲೆಕ್ಕದಿಂದ ಹೊರಗಿಟ್ಟಿದ್ದ ವಿಧಿಯನ್ನು 1967ರಲ್ಲಿ ಶೇ 90ಕ್ಕೂ ಹೆಚ್ಚು ಮತದಾರರು ಕಿತ್ತುಹಾಕಿಸಿದರು. ಆದರೆ 25ನೇ ವಿಧಿ ಹಾಗೇ ಉಳಿದಿದೆ. ಯಾವುದೇ ರಾಜ್ಯ ಒಂದು ಜನಾಂಗಕ್ಕೆ ಮತದಾನದ ಹಕ್ಕನ್ನೇ ನಿರಾಕರಿಸುವ ಸಾಧ್ಯತೆಯನ್ನು ಅದು ಈಗಲೂ ಒಪ್ಪಿಕೊಂಡೇ ಮಾತಾಡುತ್ತದೆ. ‘ಸಂವಿಧಾನಕ್ಕೆ ಜನಾಂಗಭೇದ ತರಬೇಡಿ’ ಎಂದವರು ಈ ವಿಧಿಯನ್ನು ಓದಲಿ.

ಬರೀ ಕಾಯ್ದೆ ಸಾಲದೇ ಎಂದರೆ, ಸಾಲದು. ಮೂಲನಿವಾಸಿಗಳೇ ಆರಿಸುತ್ತಿದ್ದ ರಾಷ್ಟ್ರೀಯ ಆಯೋಗವೊಂದು 1990ರಲ್ಲಿ ಶುರುವಾಗಿತ್ತು. 2005ರಲ್ಲಿ ಸಂಸತ್ತು ಅದನ್ನು ಮುಚ್ಚಿತು. 2017ರಲ್ಲಿ ಉಲುರು ಬಂಡೆಯ ಬಳಿ ಸೇರಿದ ಪ್ರತಿನಿಧಿಗಳು ಸಂವಿಧಾನದಲ್ಲೇ ಜಾಗ ಕೇಳಿದ್ದು ಇಂಥ ಅನುಭವದಿಂದ. ಕ್ವೀನ್ಸ್‌ಲೆಂಡಿನಲ್ಲಿ 2023ರಲ್ಲಿ ಬಂದ, ಮೂಲನಿವಾಸಿಗಳೊಡನೆ ಸರ್ಕಾರ ಮಾಡಿಕೊಳ್ಳಬೇಕಿದ್ದ ಒಪ್ಪಂದದ ಕಾಯ್ದೆಯನ್ನು, ಸರ್ಕಾರ ಬದಲಾದದ್ದೇ ತಡ, 2024ರಲ್ಲಿ ರದ್ದು ಮಾಡಿದರು. ನಮ್ಮ ವಿಕ್ಟೋರಿಯಾದಲ್ಲಿ 2025ರಲ್ಲಿ ಅಂಥದೇ ಕಾಯ್ದೆ ಅಂಗೀಕಾರವಾಗಿದೆ. ಅಧಿಕಾರಕ್ಕೆ ಬಂದರೆ ತೆಗೆದುಹಾಕುತ್ತೇವೆಂದು ವಿರೋಧ ಪಕ್ಷದವರು ಆಗಲೇ ಹೇಳಿದ್ದಾರೆ. ರಾಜ್ಯೋತ್ಸವದ ವೇದಿಕೆಗೆ ಹಾರ ಹಾಕಿಸಿಕೊಳ್ಳಲು ಬರುವ ಅಭ್ಯರ್ಥಿಗಳನ್ನು ನಾವು ಮೊದಲು ಕೇಳಬೇಕಾದದ್ದು, ಈ ಕಾಯ್ದೆಯನ್ನು ಉಳಿಸುತ್ತೀರೋ ಇಲ್ಲವೋ ಎಂದು.