ಹುಳಿಯ ಹೆಸರು, ಸಕ್ಕರೆಯ ವ್ಯಾಪಾರ

ಬೆಲ್ಜಿಯಂ ದೇಶದ ಹಣ್ಣಿನ ಬಿಯರ್ ಎಂದರೆ ಕೆಂಪಗೆ, ಶರಬತ್ತಿನಂತೆ ಸಿಹಿಯಾಗಿ, ಬಿಯರಿನ ಕಹಿ ಸೇರದವರಿಗೆಂದೇ ಮಾಡಿದ ಒಂದು ಪಾನೀಯ ಎಂಬ ನಂಬಿಕೆ ಲೋಕದಲ್ಲೆಲ್ಲ ಹರಡಿದೆ. ಓದಲೆಂದೋ ದುಡಿಯಲೆಂದೋ ಯುರೋಪಿಗೆ ಹೋಗಿಬಂದ ನಮ್ಮವರೂ ಅದನ್ನೇ ಹೇಳುವುದುಂಟು. ಈ ನಂಬಿಕೆ ಸುಳ್ಳು. ಸುಳ್ಳು ಮಾತ್ರವಲ್ಲ, ಒಂದು ನಾಡಿನ ಬಾಯಿರುಚಿಗೂ ಅದರ ಹೆಸರಿಗೂ ಆದ ಅನ್ಯಾಯ.

ಸಾಹಿತ್ಯದ ವಾರ್ಷಿಕದಲ್ಲಿ ಬಿಯರಿನ ಮಾತೇಕೆ ಎಂದು ಹಿರಿಯರು ಹುಬ್ಬೇರಿಸಬಹುದು. ಮದ್ಯವನ್ನು ಮಾಡಬಾರದು, ಮಾರಬಾರದು, ಕುಡಿಯಬಾರದು ಎಂದು ನಾರಾಯಣ ಗುರುಗಳು ಬೋಧಿಸಿದ ನಾಡು ಇದು; 1996ರಲ್ಲಿ ಸಾರಾಯಿಯನ್ನು ನಿಷೇಧಿಸಿದ ರಾಜ್ಯವೂ ಇದೇ. ಕುಡಿಯಿರೆಂದು ಯಾರಿಗೂ ಉಪದೇಶ ಮಾಡುವುದು ಈ ಲೇಖನದ ಉದ್ದೇಶವಲ್ಲ. ಪ್ರಶ್ನೆ ಇರುವುದು ಒಂದು ವಸ್ತುವಿನ ಹೆಸರನ್ನು ಯಾರು ಇಟ್ಟುಕೊಳ್ಳಬೇಕು ಎಂಬುದರಲ್ಲಿ. ಅದು ಕುಡಿಯುವವರಿಗೂ ಕುಡಿಯದವರಿಗೂ ಸೇರಿದ ಪ್ರಶ್ನೆ.

ಬ್ರಸೆಲ್ಸ್ ನಗರದ ನೈಋತ್ಯಕ್ಕೆ ಜೆನ್ನೆ ಎಂಬ ಸಣ್ಣ ಹೊಳೆಯ ಬಯಲಿದೆ. ಅಲ್ಲಿಯೂ ಪಯೊಟೆನ್‌ಲ್ಯಾಂಡ್ ಎಂಬ ಹಳ್ಳಿಗಾಡಿನಲ್ಲಿಯೂ ಹುಟ್ಟಿದ್ದು ಲ್ಯಾಂಬಿಕ್. ಮೊಳಕೆ ಬರಿಸಿದ ಬಾರ್ಲಿಯ ಜೊತೆಗೆ ಮೊಳಕೆ ಬರಿಸದ ಗೋಧಿಯನ್ನು ನೂರಕ್ಕೆ ಮೂವತ್ತರಷ್ಟಾದರೂ ಸೇರಿಸಿ, ಕಹಿ ಕಳೆದುಕೊಂಡ ಹಳೆಯ ಹಾಪ್ ಹೂಗಳೊಂದಿಗೆ ದೀರ್ಘಕಾಲ ಕುದಿಸುತ್ತಾರೆ. ಆ ಬಿಸಿ ರಸವನ್ನು ಅಟ್ಟದ ಮೇಲಿನ ಅಗಲವಾದ ತೆರೆದ ತೊಟ್ಟಿಯಲ್ಲಿ ಒಂದು ರಾತ್ರಿ ಆರಲು ಬಿಡುತ್ತಾರೆ. ಯೀಸ್ಟನ್ನು ಯಾರೂ ಹಾಕುವುದಿಲ್ಲ. ಗಾಳಿಯಲ್ಲಿ, ಮರದ ತೊಲೆಗಳಲ್ಲಿ, ಪೀಪಾಯಿಗಳ ಹಲಗೆಗಳಲ್ಲಿ ಇರುವ ಸೂಕ್ಷ್ಮಜೀವಿಗಳೇ ಬಂದು ಸೇರಿಕೊಳ್ಳುತ್ತವೆ. ಚಳಿಗಾಲದ ತಂಪಿಲ್ಲದಿದ್ದರೆ ಕೆಡಿಸುವ ಜೀವಿಗಳು ಮೇಲುಗೈ ಪಡೆಯುತ್ತವೆಂದು ಈ ಕೆಲಸ ಸುಮಾರಾಗಿ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಮಾತ್ರ. ಅನಂತರ ಮರದ ಪೀಪಾಯಿಯಲ್ಲಿ ಒಂದು, ಎರಡು, ಮೂರು ವರ್ಷದ ವಾಸ. ಅದರಲ್ಲಿ ಕೆಲಸ ಮಾಡುವ ಒಂದು ಯೀಸ್ಟಿಗೆ ವಿಜ್ಞಾನಿಗಳು ಇಟ್ಟ ಹೆಸರೇ ಬ್ರೆಟ್ಟನೊಮೈಸಿಸ್ ಬ್ರಕ್ಸೆಲೆನ್ಸಿಸ್. ಬ್ರಸೆಲ್ಸಿನ ಹೆಸರು ಅದರೊಳಗೇ ಇದೆ.

ನಮ್ಮ ಓದುಗರಿಗೆ ಇದು ವಿಚಿತ್ರವೆನಿಸಬೇಕಾಗಿಲ್ಲ. ರಾತ್ರಿ ಅರೆದಿಟ್ಟ ಉದ್ದಿನ ಹಿಟ್ಟಿಗೆ ಯಾವ ತಾಯಿ ಯೀಸ್ಟ್ ಹಾಕುತ್ತಾಳೆ? ಬೆಳಗಾಗುವಾಗ ಅದು ತಾನಾಗಿ ಉಬ್ಬಿ ಹುಳಿ ಬಂದಿರುತ್ತದೆ. ಬೆಳಿಗ್ಗೆ ಇಳಿಸಿದ ಕಳ್ಳು ಸಂಜೆಗೆ ಹುಳಿಯಾಗುವುದೂ ಯಾರೂ ಏನನ್ನೂ ಬೆರೆಸಿ ಅಲ್ಲ. ಕಾಣದ ಜೀವಿಗಳನ್ನು ನಂಬಿ ಕಾಯುವ ವಿದ್ಯೆ ಅಲ್ಲಿಯೂ ಇಲ್ಲಿಯೂ ಒಂದೇ.

ಇನ್ನು ಹಣ್ಣಿನ ಮಾತು. ಬೇಸಿಗೆಯಲ್ಲಿ ಹುಳಿ ಚೆರ್ರಿಗಳನ್ನು ಬೀಜಸಮೇತ ಲ್ಯಾಂಬಿಕ್ ತುಂಬಿದ ಪೀಪಾಯಿಗೆ ಹಾಕುತ್ತಾರೆ. ಲೀಟರಿಗೆ 200 ಗ್ರಾಂ, ಕೆಲವರಲ್ಲಿ ಅದಕ್ಕಿಂತ ಹೆಚ್ಚು. ಇದೇ ಕ್ರೀಕ್. ರಾಸ್ಪ್‌ಬೆರಿ ಹಾಕಿದರೆ ಫ್ರಾಂಬ್ವಾಜ್. ಹಣ್ಣಿನ ಸಕ್ಕರೆ ಸಿಕ್ಕಿದೊಡನೆ ಯೀಸ್ಟ್ ಮತ್ತೆ ಎಚ್ಚೆತ್ತು ಅದನ್ನು ತಿಂದು ಮುಗಿಸುತ್ತದೆ. ಉಳಿಯುವುದು ಹಣ್ಣಿನ ಬಣ್ಣ, ಪರಿಮಳ, ಹುಳಿ, ಬೀಜದಿಂದ ಬಂದ ಬಾದಾಮಿಯಂಥ ಒಂದು ಎಳೆ. ಸಿಹಿ ಉಳಿಯುವುದೇ ಇಲ್ಲ. ಆದುದರಿಂದ ನಿಮ್ಮ ಲೋಟದ ಕ್ರೀಕ್ ಸಿಹಿಯಾಗಿದ್ದರೆ, ಆ ಸಿಹಿಯನ್ನು ಯಾರೋ ಅನಂತರ ಸುರಿದಿದ್ದಾರೆ. ಜೀವಂತ ಯೀಸ್ಟ್ ಅದನ್ನೂ ತಿಂದೀತೆಂದು ಬಿಸಿ ಮಾಡಿ ಕೊಂದಿದ್ದಾರೆ ಅಥವಾ ಸೋಸಿ ತೆಗೆದಿದ್ದಾರೆ. ಇದು ಅಭಿರುಚಿಯ ಭೇದವಲ್ಲ, ಲೆಕ್ಕದ ಮಾತು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಸಕ್ಕರೆಯ ವ್ಯಾಪಾರ ಹಬ್ಬಿತು. ಚೆರ್ರಿಯೊಡನೆ ಪೀಚ್, ಅನಾನಸು, ಬಾಳೆಹಣ್ಣಿನ ಹೆಸರಿನಲ್ಲೂ ಸೀಸೆಗಳು ಬಂದವು. ಮೂರು ವರ್ಷ ಕಾಯುವವನು ಮೂರು ತಿಂಗಳಲ್ಲಿ ಮಾರುವವನ ಮುಂದೆ ಹೇಗೆ ನಿಂತಾನು? ಹಳೆಯ ಮನೆಗಳು ಒಂದೊಂದಾಗಿ ಬಾಗಿಲು ಹಾಕಿದವು.

1997ರಲ್ಲಿ ಯುರೋಪಿನ ಒಕ್ಕೂಟ ಈ ಹೆಸರುಗಳಿಗೆ ಸಾಂಪ್ರದಾಯಿಕ ಉತ್ಪನ್ನವೆಂಬ ರಕ್ಷೆ ಕೊಟ್ಟಿತು. ಆದರೆ ಆ ರಕ್ಷೆಯ ಸ್ವರೂಪ ನೋಡಿ. ‘ಔಡೆ’, ಅಂದರೆ ‘ಹಳೆಯ’, ಎಂಬ ವಿಶೇಷಣ ಸೇರಿದರೆ ಮಾತ್ರ ನಿಯಮ ಬಿಗಿ: ಪೂರ್ತಿ ಲ್ಯಾಂಬಿಕ್ ಇರಬೇಕು, ಸೀಸೆಯಲ್ಲಿ ಮತ್ತೆ ಹುದುಗಬೇಕು. ಬರಿಯ ‘ಕ್ರೀಕ್’ ಎಂಬ ಹೆಸರಿಗೆ ನಿಯಮ ಸಡಿಲ. ಹೀಗಾಗಿ ಮನೆಯ ಯಜಮಾನ ತನ್ನ ಹೆಸರಿನ ಹಿಂದೆ ‘ಹಳಬ’ ಎಂದು ಬರೆದುಕೊಳ್ಳಬೇಕು. ನಿನ್ನೆ ಬಂದವನಿಗೆ ಹೆಸರು ಹಾಗೆಯೇ ಸಲ್ಲುತ್ತದೆ! ನ್ಯಾಯವಾಗಿ ವಿಶೇಷಣ ಹೊರಬೇಕಾದುದು ಸಕ್ಕರೆ ಬೆರೆಸಿದ್ದು. ‘ಸಿಹಿ ಕ್ರೀಕ್’ ಎಂದು ಬರೆದು ಮಾರಲಿ, ಯಾರ ತಕರಾರೂ ಇಲ್ಲ.

ಇದಕ್ಕೆ ಎರಡು ಆಕ್ಷೇಪಗಳಿವೆ. ಸಿಹಿ ಸೀಸೆಯ ಹಣದಿಂದಲೇ ಕೆಲವು ಮನೆಗಳು ಉಳಿದವು ಎಂಬುದು ಮೊದಲನೆಯದು. ಇದರಲ್ಲಿ ಸತ್ಯಾಂಶವಿದೆ. ಸಿಹಿ ಬಿಯರಿಗೆ ಹೆಸರಾದ ಲಿಂಡೆಮಾನ್ಸ್ ಮನೆಯವರೇ ‘ಕ್ಯೂವೇ ರೆನೇ’ ಎಂಬ ಒಳ್ಳೆಯ ಹುಳಿ ಗ್ಯೂಝನ್ನೂ ಮಾಡುತ್ತಾರೆ. ಆದರೆ ಹಣ ತಂದುಕೊಟ್ಟದ್ದಕ್ಕೆ ಹೆಸರನ್ನೇ ಬರೆದುಕೊಡಬೇಕೆಂದು ಯಾವ ಧರ್ಮ ಹೇಳುತ್ತದೆ? ಸಿಹಿ ಎಂಬುದು ಮೆಟ್ಟಿಲು, ಅದನ್ನು ಹತ್ತಿದವನು ಹುಳಿಗೆ ತಲುಪುತ್ತಾನೆ ಎಂಬುದು ಎರಡನೆಯದು. ಮೆಟ್ಟಿಲಿನ ಮೇಲೆಯೇ ‘ಇದೇ ಮಹಡಿ’ ಎಂದು ಫಲಕ ತೂಗಿಸಿದರೆ ಯಾರು ಮುಂದೆ ಹತ್ತುತ್ತಾರೆ?

ಈ ಬಯಲೂ ನಮ್ಮಂತೆ ಗಡಿನಾಡು. ನಮಗೆ 1956 ಹೇಗೋ, ಬೆಲ್ಜಿಯಂಗೆ 1962ರ ಕಾನೂನು ಹಾಗೆ. ಡಚ್ ಮತ್ತು ಫ್ರೆಂಚ್ ನಾಡುಗಳ ನಡುವೆ ಗೆರೆ ಎಳೆದದ್ದು ಅದು. ಬ್ರಸೆಲ್ಸ್ ದ್ವಿಭಾಷಾ ನಗರವಾಗಿ ಉಳಿಯಿತು. ಅಲ್ಲಿ ಫ್ರೆಂಚ್ ಮಾತಾಡುವವನೂ ಚೆರ್ರಿಯ ಬಿಯರನ್ನು ಫ್ಲೆಮಿಷ್ ಮಾತಿನಲ್ಲಿ ‘ಕ್ರೀಕ್’ ಎಂದೇ ಕೇಳುತ್ತಾನೆ. ನೆರೆಯ ಭಾಷೆಯವನು ಆ ಹೆಸರನ್ನು ತಿದ್ದಲಿಲ್ಲ; ಕೆಡಿಸಿದವನು ವ್ಯಾಪಾರಿ. ಮಂಜೇಶ್ವರವನ್ನು ಮಂಜೇಶ್ವರಂ ಎಂದು ಓದಿ ನೋಯುವ ನಾವೂ, ಈ ಸಂಚಿಕೆಯ ಮಲೆಯಾಳ ಪುಟಗಳ ಬಂಧುಗಳೂ ಇದನ್ನು ಗಮನಿಸಬೇಕು. ಎರಡು ಭಾಷೆಗಳು ಒಂದು ಹೆಸರನ್ನು ಕೆಡಿಸದೆ ಹಂಚಿಕೊಳ್ಳಬಹುದು.

ಹೋದದ್ದು ಹೋಯಿತು. ಕತ್ತೆಗಳ ಮೇಲೆ ಚೆರ್ರಿ ಹೇರಿ ಪೇಟೆಗೆ ಕಳಿಸುತ್ತಿದ್ದ ಸ್ಕಾರ್‌ಬೇಕಿನ ತೋಟಗಳು ಇಂದು ನಗರದ ಬೀದಿಗಳು. ಆದರೆ ಹಟ ಹಿಡಿದವರೂ ಇದ್ದರು. 1900ರಲ್ಲಿ ಆರಂಭವಾದ ಕಾಂತಿಯೋನ್ ಮನೆಯ ಅಳಿಯ ಝಾಂ-ಪಿಯೇರ್ ವಾನ್ ರೋಯ್ 1978ರಲ್ಲಿ ಆ ಬಿಯರ್‌ಮನೆಯನ್ನೇ ನಡೆಯುವ ವಸ್ತುಸಂಗ್ರಹಾಲಯವಾಗಿಸಿದರು. ಬೇರ್ಸೆಲಿನ ದ್ರೀ ಫಾಂಟೈನೆನ್ ಮನೆಯಲ್ಲಿ 2009ರಲ್ಲಿ ಉಷ್ಣ ನಿಯಂತ್ರಕ ಕೆಟ್ಟು ಸಾವಿರಾರು ಸೀಸೆಗಳು ಹಾಳಾದಾಗ, ಅವರು ಆ ಬಿಯರನ್ನು ಬಟ್ಟಿ ಇಳಿಸಿಯಾದರೂ ಮನೆ ಉಳಿಸಿಕೊಂಡರು. 2016ರಲ್ಲಿ ಯುನೆಸ್ಕೋ ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಆ ಕಡೆ ಹೋಗುವವರು, ಕುಡಿಯುವ ಅಭ್ಯಾಸವಿದ್ದರೆ, ಸೀಸೆಯ ಮೇಲೆ ‘ಔಡೆ’ ಎಂಬ ಮಾತನ್ನು ಹುಡುಕಿ. ಮಂಜುಗಡ್ಡೆಯಂತೆ ತಣ್ಣಗೆ ಮಾಡಬೇಡಿ. ಅಲ್ಲಿನವರಂತೆ ಮೆದು ಗಿಣ್ಣು ಸವರಿದ ರೊಟ್ಟಿ, ಮೂಲಂಗಿಯ ಜೊತೆ ಸ್ವಲ್ಪ ಸ್ವಲ್ಪವಾಗಿ ಹೀರಿ. ಮೊದಲ ಗುಟುಕಿಗೆ ಮುಖ ಹುಳ್ಳಗಾಗುತ್ತದೆ. ಮೂರನೆಯದಕ್ಕೆ ಚೆರ್ರಿ ಕಾಣಿಸಿಕೊಳ್ಳುತ್ತದೆ. ಪುನರ್ಪುಳಿಯ ಸಾರು, ಅಂಬಟೆಯ ಉಪ್ಪಿನಕಾಯಿ ಉಂಡು ಬೆಳೆದ ನಾಲಿಗೆಗೆ ಹುಳಿಯ ಪಾಠ ಹೊಸದಾಗಿ ಬೇಕಾಗಿಲ್ಲ. ಕುಡಿಯದವರಿಗೂ ಒಂದು ಕೆಲಸವುಂಟು: ಬೆಲ್ಜಿಯಂನ ಹಣ್ಣಿನ ಬಿಯರ್ ಸಿಹಿ ಎಂದು ಯಾರಾದರೂ ಹೇಳಿದರೆ, ಅಲ್ಲ, ಹುಳಿ ಎಂದು ತಿದ್ದಿರಿ.